ದಿನವಿಡೀ ಕನ್ನಡ ಅಕ್ಷರ ನೋಡೋರಿಗೆ ಒಂದು ಮಾನಿಟರ್: ಡೆಲ್ ಅಲ್ಟ್ರಾಶಾರ್ಪ್ ಯು2723ಕ್ಯೂಇ

"ಶುದ್ಧ" ಅಂತ ಬರೆದ್ರೆ ದಕಾರದ ಕೆಳಗೆ ಕೂರೋ ಧ ಒತ್ತಿಗೆ ಹೊಟ್ಟೆ ಸೀಳಿರ್ಬೇಕು, ಸೀಳಿಲ್ಲ ಅಂದ್ರೆ ಅದು "ಶುದ್ದ" ಆಗೋಗತ್ತೆ, ತಪ್ಪು. "ವಿಶಿಷ್ಟ"ಕ್ಕೆ ಟ ಒತ್ತು, "ಕನಿಷ್ಠ"ಕ್ಕೆ ಠ ಒತ್ತು, ಇವೆರಡಕ್ಕೂ ಇರೋ ವ್ಯತ್ಯಾಸ ಅಚ್ಚಾದ ಪುಟದ ಮೇಲೆ ಎಷ್ಟು ಸಣ್ಣದು ಅಂತ ಪ್ರೂಫ್ ನೋಡಿದೋರಿಗೆ ಗೊತ್ತು. ನಾನು ಶಿವಮೊಗ್ಗದಲ್ಲಿ ಡಿಟಿಪಿ ಕೆಲಸ ಮಾಡ್ತೀನಿ, ಪುಸ್ತಕ, ಸ್ಮರಣ ಸಂಚಿಕೆ, ಸೊಸೈಟಿಗಳ ವಾರ್ಷಿಕ ವರದಿ, ಸೀಸನ್ ಬಂದ್ರೆ ಲಗ್ನಪತ್ರಿಕೆ, ಬೆಳಗ್ಗೆ ಕೂತ್ರೆ ಸಂಜೆ ತನಕ ಇದೇ ಒತ್ತು ಕೊಂಬು ದೀರ್ಘ ನೋಡೋದೇ ಕೆಲಸ. ಹಾಗಾಗಿ ಈ ರಿವ್ಯೂನಲ್ಲಿ ಗೇಮ್ ಬಗ್ಗೆ ಏನೂ ಇಲ್ಲ. ಕನ್ನಡ ಓದೋಕೆ, ಟೈಪ್ ಮಾಡೋಕೆ, ಪುಟ ಕಟ್ಟೋಕೆ ಡೆಲ್‌ನ ಈ 27 ಇಂಚಿನ 4ಕೆ ಮಾನಿಟರ್ ಹೇಗಿದೆ, ಅದನ್ನ ಹೇಗೆ ಕೂರಿಸ್ಬೇಕು, ನಮ್ಮ ಕಡೆ ಮಳೆ ಧೂಳು ಗುಡುಗು ಎಲ್ಲದರ ಮಧ್ಯೆ ಹೇಗೆ ನೋಡ್ಕೋಬೇಕು ಅನ್ನೋದಷ್ಟೇ ಬರೀತಿದೀನಿ.

ಮೊದಲು ಪಿಕ್ಸೆಲ್ ಲೆಕ್ಕ, ಯಾಕಂದ್ರೆ ಕನ್ನಡದೋರಿಗೆ ಇದೇ ಮುಖ್ಯ. ಸಾಮಾನ್ಯವಾಗಿ ಎಲ್ಲರ ಆಫೀಸಲ್ಲೂ ಇರೋದು 24 ಇಂಚಿನ ಫುಲ್ ಎಚ್‌ಡಿ, ಅದ್ರಲ್ಲಿ ಒಂದು ಇಂಚಿಗೆ ಸುಮಾರು 92 ಪಿಕ್ಸೆಲ್. 27 ಇಂಚಿನ ಫುಲ್ ಎಚ್‌ಡಿ ತಗೊಂಡ್ರೆ ಇನ್ನೂ ಕಮ್ಮಿ, 82 ಅಷ್ಟೇ, ದೊಡ್ಡ ಸ್ಕ್ರೀನ್ ಅಂತ ಖುಷಿಯಿಂದ ತಂದು ಅಕ್ಷರ ಒಡೆದು ಕಾಣ್ತಿದೆ ಅಂತ ಬೇಜಾರಾಗೋರು ಇದನ್ನೇ ತಂದಿರ್ತಾರೆ. ಈ ಮಾನಿಟರ್‌ನಲ್ಲಿ 3840×2160, ಅಂದ್ರೆ ಇಂಚಿಗೆ 163 ಪಿಕ್ಸೆಲ್. ಪುಸ್ತಕದ 10 ಪಾಯಿಂಟ್ ಅಕ್ಷರನ ಕಾಗದದ ಮೇಲೆ ಇರೋ ನಿಜವಾದ ಅಳತೆಯಲ್ಲೇ ಸ್ಕ್ರೀನ್ ಮೇಲೆ ತೋರಿಸಿದ್ರೆ ಹಳೇ 24 ಇಂಚಲ್ಲಿ ಆ ಸಾಲಿಗೆ ಸಿಗೋದು ಹೆಚ್ಚುಕಮ್ಮಿ 13 ಪಿಕ್ಸೆಲ್ ಎತ್ತರ, ಇದ್ರಲ್ಲಿ 22-23. ಇಂಗ್ಲಿಷ್ ಅಕ್ಷರಕ್ಕೆ 13 ಸಾಕು, ಅಲ್ಲಿ ಎಲ್ಲಾ ಒಂದೇ ಅಂತಸ್ತು. ನಮ್ಮದ್ರಲ್ಲಿ ಅದೇ 13ರಲ್ಲಿ ಮೂಲ ಅಕ್ಷರ, ಮೇಲೆ ಗುಡಿಸು, ಕೆಳಗೆ ಒತ್ತು, "ರಾಷ್ಟ್ರ" "ಸ್ವಾತಂತ್ರ್ಯ" ತರದ್ದಾದ್ರೆ ಒತ್ತಿನ ಪಕ್ಕ ಇನ್ನೊಂದು ಒತ್ತು, ಎಲ್ಲಾ ಹಿಡಿಸ್ಬೇಕು. ಒತ್ತಿಗೆ ಉಳಿಯೋದು ನಾಲ್ಕೈದು ಪಿಕ್ಸೆಲ್. ಅಷ್ಟರಲ್ಲಿ ಧ ಒತ್ತಿನ ಸೀಳು ಎಲ್ಲಿ ಕಾಣತ್ತೆ, ಬೂದು ಬಣ್ಣದ ಒಂದು ಗುಪ್ಪೆ ಕಾಣತ್ತೆ ಅಷ್ಟೇ.

ಜೂಮ್ ಮಾಡಿ ನೋಡಿದ್ರಾಯ್ತಲ್ಲ ಅಂತ ಕೇಳ್ತಾರೆ. ಮಾಡಬಹುದು, ಇಷ್ಟು ವರ್ಷ ಎಲ್ರೂ ಅದನ್ನೇ ಮಾಡಿರೋದು. ಆದ್ರೆ ಜೂಮ್ ಮಾಡಿದ ಕೂಡ್ಲೇ ಪುಟ ಕಾಣಲ್ಲ, ಒಂದು ಪ್ಯಾರಾ ಕಾಣತ್ತೆ, ಸಾಲು ತುಂಬ್ಸೋವಾಗ ಎಲ್ಲಿ ಗ್ಯಾಪ್ ಜಾಸ್ತಿ ಆಯ್ತು, ಕೊನೇ ಸಾಲಲ್ಲಿ ಒಂದೇ ಪದ ಉಳೀತಾ, ಎದುರು ಬದುರು ಪುಟದ ಬುಡ ಸಮ ಇದೆಯಾ, ಇದೆಲ್ಲಾ ಪೂರ್ತಿ ಪುಟ ಕಂಡ್ರೆ ಮಾತ್ರ ಗೊತ್ತಾಗೋದು. ಈ ಸ್ಕ್ರೀನ್ ಅಗಲ 60 ಸೆಂಟಿಮೀಟರ್ ಹತ್ತಿರ, ಎತ್ತರ 33 ಚಿಲ್ಲರೆ. ಡೆಮಿ 1/8 ಅಳತೆಯ ಪುಸ್ತಕದ ಎರಡು ಪುಟ ಅಕ್ಕಪಕ್ಕ ನಿಜವಾದ ಅಳತೆಯಲ್ಲಿ ಇಟ್ಟು ಪಕ್ಕದಲ್ಲಿ ಟೂಲ್‌ಗಳನ್ನೂ ಹರಡ್ಕೊಂಡು ಇನ್ನೂ ಜಾಗ ಮಿಗತ್ತೆ. ಎ4 ಎರಡು ಪುಟನೂ ಕೂರತ್ತೆ, ಮೇಲೆ ಕೆಳಗೆ ಸ್ವಲ್ಪ ಇಕ್ಕಟ್ಟಾಗತ್ತೆ. ಜೂಮ್ ಮಾಡದೇನೇ ಆ ಸೀಳು ಕಾಣತ್ತೆ ಅನ್ನೋದು ನನಗೆ ಈ ದುಡ್ಡಿನ ಮುಕ್ಕಾಲು ಪಾಲು.

ಪ್ಯಾನೆಲ್ ಐಪಿಎಸ್ ಬ್ಲ್ಯಾಕ್ ಅನ್ನೋ ಜಾತಿದು. ಮಾಮೂಲಿ ಐಪಿಎಸ್‌ನಲ್ಲಿ ಕಾಂಟ್ರಾಸ್ಟ್, ಅಂದ್ರೆ ಬಿಳಿಗೂ ಕಪ್ಪಿಗೂ ಇರೋ ಅಂತರ, 1000:1 ಇದ್ರೆ ಇದಕ್ಕೆ 2000:1, ಕಪ್ಪು ಅಕ್ಷರ ಕಪ್ಪಗೇ ಕಾಣತ್ತೆ, ಬೂದು ಬೂದು ಅನ್ಸಲ್ಲ. ಅದೇ ಕಾರಣಕ್ಕೆ ರಾತ್ರಿ ಹೊತ್ತು ಕಡಿಮೆ ಬೆಳಕಲ್ಲಿ ಕೂತ್ರೂ ಮೂಲೆಗಳು ತೀರಾ ಬೆಳ್ಳಗೆ ಹೊಳೆಯಲ್ಲ. ಮೇಲ್ಮೈ ಮ್ಯಾಟ್, ಹಿಂದಿನ ಟ್ಯೂಬ್‌ಲೈಟ್ ಅದ್ರಲ್ಲಿ ಕಾಣಲ್ಲ. ಸ್ಪೀಕರ್ ಇಲ್ಲ, ಹೊರಗಿನ ಸ್ಪೀಕರಿಗೆ ಒಂದು ಆಡಿಯೋ ಪೋರ್ಟ್ ಮಾತ್ರ ಇದೆ. ರಿಫ್ರೆಶ್ 60 ಹರ್ಟ್ಝ್, ಅಂದ್ರೆ ಸೆಕೆಂಡಿಗೆ 60 ಸಲ ಚಿತ್ರ ಹೊಸದಾಗತ್ತೆ, ಅಷ್ಟೇ. ಎಚ್‌ಡಿಆರ್ 400 ಅಂತ ಬಾಕ್ಸಲ್ಲಿ ಹಾಕಿದಾರೆ, ಅದನ್ನ ಲೆಕ್ಕಕ್ಕೆ ತಗೋಬೇಡಿ, ವಿಂಡೋಸ್‌ನಲ್ಲಿ ಎಚ್‌ಡಿಆರ್ ಆನ್ ಮಾಡಿದ್ರೆ ಮಾಮೂಲಿ ಕೆಲಸದ ಬಣ್ಣ ಎಲ್ಲಾ ಪೇಲವ ಆಗತ್ತೆ, ಆಫ್ ಇರ್ಲಿ.

ತಗೊಳೋದು ಎಲ್ಲಿಂದ ಆದ್ರೂ ಆಗ್ಲಿ, ಬೆಂಗಳೂರಿನ ಎಸ್‌ಪಿ ರೋಡ್ ಆಗ್ಲಿ, ನಿಮ್ಮೂರ ಅಂಗಡಿ ಆಗ್ಲಿ, ಆನ್‌ಲೈನ್ ಆಗ್ಲಿ, ಬಾಕ್ಸ್ ಬಿಚ್ಚೋವಾಗ ಮೊಬೈಲಲ್ಲಿ ವಿಡಿಯೋ ಮಾಡಿಟ್ಕೊಳ್ಳಿ, ಟೇಪ್ ಕತ್ತರಿಸೋಕೆ ಮುಂಚೆ ಬಾಕ್ಸಿನ ನಾಲ್ಕೂ ಮೂಲೆ ವಿಡಿಯೋದಲ್ಲಿ ಬರ್ಲಿ. ಸ್ಟ್ಯಾಂಡ್ ಜೋಡ್ಸೋವಾಗ ತುಂಬಾ ಜನ ಪ್ಯಾನೆಲ್‌ನ ಎತ್ತಿ ಟೇಬಲ್ ಮೇಲೆ ಬೋರಲು ಹಾಕ್ತಾರೆ, ಅದು ಬೇಡ. ಪ್ಯಾನೆಲ್ ಬಾಕ್ಸಿನ ಪ್ಯಾಕಿಂಗ್ ಒಳಗೆ ಮಲಗಿರೋ ಹಾಗೇ ಇರ್ಲಿ, ಅದರ ಹಿಂಬದಿಯ ತಗ್ಗಿಗೆ ಸ್ಟ್ಯಾಂಡ್‌ನ ತುದಿ ಸಿಗಿಸಿ ಒತ್ತಿದ್ರೆ ಟಕ್ ಅಂತ ಕೂತ್ಕೊಳತ್ತೆ, ಆಮೇಲೆ ಸ್ಟ್ಯಾಂಡ್ ಹಿಡ್ಕೊಂಡೇ ಎತ್ತಿ ನಿಲ್ಸಿ. ಸ್ಕ್ರೀನ್ ಮೇಲೆ ಹೆಬ್ಬೆರಳು ಇಟ್ಟು ಎತ್ತೋದು ಮಾತ್ರ ಯಾವತ್ತೂ ಬೇಡ, ಈಗಿನ ಪ್ಯಾನೆಲ್ ಅಂಚು ಎಷ್ಟು ತೆಳ್ಳಗೆ ಅಂದ್ರೆ ಅಲ್ಲಿ ಹಿಡಿದು ಹಿಂಡಿದ್ರೆ ಒಳಗೆ ಗೆರೆ ಬೀಳತ್ತೆ, ಅದು ವಾರಂಟಿಗೂ ಬರಲ್ಲ. ಆನ್ ಮಾಡಿದ ಮೇಲೆ ಪೂರ್ತಿ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಚಿತ್ರ ಒಂದೊಂದಾಗಿ ಹಾಕಿ ಸತ್ತ ಪಿಕ್ಸೆಲ್ ಇದೆಯಾ ನೋಡ್ಬಿಡಿ. ಅಲ್ಟ್ರಾಶಾರ್ಪ್‌ಗೆ ಡೆಲ್‌ನೋರು ಒಂದೇ ಒಂದು ಹೊಳೆಯೋ ಪಿಕ್ಸೆಲ್ ಇದ್ರೂ ವಾರಂಟಿ ಅವಧಿಲಿ ಬದಲಾಯಿಸಿಕೊಡ್ತಾರೆ, ಆದ್ರೂ ಇದನ್ನ ಮೊದಲ ದಿನಾನೇ ನೋಡೋದು ಒಳ್ಳೇದು.

ಈಗ ಎತ್ತರದ ವಿಷಯ. ಎಲ್ಲಾ ಕಡೆ ಹೇಳೋದು ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕೆ ಇಲ್ಲಾ ಸ್ವಲ್ಪ ಕೆಳಗೆ ಇರ್ಬೇಕು, ಒಂದು ತೋಳುದ್ದ ದೂರ ಇರ್ಬೇಕು ಅಂತ. ಸರಿ. ಈ ಸ್ಟ್ಯಾಂಡ್ 15 ಸೆಂಟಿಮೀಟರ್ ಮೇಲೆ ಕೆಳಗೆ ಆಗತ್ತೆ, ಓರೆ ಆಗತ್ತೆ, ಅಕ್ಕಪಕ್ಕ ತಿರುಗತ್ತೆ, ನೆಟ್ಟಗೆ ನಿಲ್ಸಬಹುದು ಕೂಡ. ಆದ್ರೆ ನಮ್ಮಲ್ಲಿ ಪ್ರೂಫ್ ನೋಡೋಕೆ ಒಬ್ರು ರಿಟೈರ್ಡ್ ಕನ್ನಡ ಮೇಷ್ಟ್ರು ಬರ್ತಾರೆ, ಬೈಫೋಕಲ್ ಕನ್ನಡಕ. ನಾನು ನನ್ನ ಲೆಕ್ಕಕ್ಕೆ ಎತ್ತರ ಮಾಡಿಟ್ಟಿದ್ದೆ, ಅವ್ರು ಕೂತು ಒಂದು ಪುಟ ಓದಿ "ಕತ್ತು ನೋಯ್ತದೆ ಮಾರಾಯ, ಆಕಾಶ ನೋಡಿದ ಹಾಗೆ ಆಗ್ತದೆ" ಅಂದ್ರು. "ಮೇಷ್ಟ್ರೇ, ಒಂದ್ ನಿಮಿಷ ಹಾಗೇ ಕೂತಿರಿ" ಅಂತ ಪಕ್ಕದಿಂದ ನೋಡಿದ್ರೆ ಗದ್ದ ಮೇಲೆತ್ತಿ ಕನ್ನಡಕದ ಕೆಳಗಿನ ಭಾಗದಿಂದ ಓದ್ತಿದಾರೆ. ಸ್ಟ್ಯಾಂಡ್‌ನ ಪೂರ್ತಿ ಕೆಳಗಿಳಿಸಿ, ಸ್ಕ್ರೀನನ್ನ ಸ್ವಲ್ಪ ಹಿಂದಕ್ಕೆ ವಾಲಿಸಿ, ನಾಲ್ಕು ಬೆರಳು ಹತ್ತಿರಕ್ಕೆ ಎಳೆದೆ. ಗದ್ದ ತಾನೇ ಕೆಳಗಿಳೀತು. ಮನೆಲಿ ಐವತ್ತು ದಾಟಿದೋರು, ಬೈಫೋಕಲ್ ಅಥವಾ ಪ್ರೋಗ್ರೆಸ್ಸಿವ್ ಲೆನ್ಸ್ ಹಾಕೋರು ಇದ್ರೆ ಆ ಕಣ್ಣಿನ ಮಟ್ಟದ ನಿಯಮ ಬಿಟ್ಬಿಡಿ, ಅವ್ರಿಗೆ ಮಾನಿಟರ್ ತಗ್ಗಲ್ಲೇ ಇರ್ಬೇಕು. ಎತ್ತರ ಬದಲಾಯಿಸೋಕೆ ಆಗದ ಸ್ಟ್ಯಾಂಡ್ ಇರೋ ಮಾನಿಟರ್‌ನ ಇಬ್ರು ಮೂವರು ಕೂರೋ ಜಾಗಕ್ಕೆ ತರಲೇಬೇಡಿ, ಕೆಳಗೆ ಹಳೇ ಟೆಲಿಫೋನ್ ಡೈರೆಕ್ಟರಿ ಇಟ್ಟು ಎತ್ತರ ಮಾಡಬಹುದು, ಇಳಿಸೋದು ಹೆಂಗೆ?

ಕಿಟಕಿ ಬೆನ್ನ ಹಿಂದೆನೂ ಬೇಡ, ಮಾನಿಟರ್ ಹಿಂದೆನೂ ಬೇಡ, ಪಕ್ಕಕ್ಕೆ ಬರೋ ಹಾಗೆ ಟೇಬಲ್ ತಿರುಗಿಸ್ಕೊಳ್ಳಿ.

ಕೇಬಲ್ ವಿಷಯದಲ್ಲಿ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ 4ಕೆ ಮಾನಿಟರ್ ತಗೊಂಡು ಚೆನ್ನಾಗಿಲ್ಲ ಅನ್ನೋರಲ್ಲಿ ಸುಮಾರು ಜನರ ತೊಂದ್ರೆ ಇರೋದು ಕೇಬಲ್‌ನಲ್ಲಿ. ಮನೆಲಿ ಸೆಟ್‌ಟಾಪ್ ಬಾಕ್ಸಿಂದು ಹಳೇ ಎಚ್‌ಡಿಎಂಐ ಕೇಬಲ್ ಇರತ್ತೆ, ಹಳೇ ಕಂಪ್ಯೂಟರಲ್ಲಿ ಎಚ್‌ಡಿಎಂಐ 1.4 ಪೋರ್ಟ್ ಇರತ್ತೆ, ಹಾಕಿದ್ರೆ ಚಿತ್ರ ಬರತ್ತೆ, 4ಕೆ ಅಂತಾನೂ ತೋರ್ಸತ್ತೆ, ಆದ್ರೆ 30 ಹರ್ಟ್ಝ್. ಮೌಸ್ ಎಳೆದ್ರೆ ಬಿಟ್ಟು ಬಿಟ್ಟು ಓಡತ್ತೆ, ಪುಟ ಸ್ಕ್ರೋಲ್ ಮಾಡಿದ್ರೆ ಅಕ್ಷರ ಅದುರತ್ತೆ, ಕಣ್ಣು ಬೇಗ ಸೋಲತ್ತೆ. 4ಕೆನ 60ರಲ್ಲಿ ಓಡಿಸೋಕೆ ಎಚ್‌ಡಿಎಂಐ 2.0 ಬೇಕು ಇಲ್ಲಾ ಡಿಸ್‌ಪ್ಲೇಪೋರ್ಟ್ ಬೇಕು. ಈ ಬಾಕ್ಸಲ್ಲಿ ಡಿಸ್‌ಪ್ಲೇಪೋರ್ಟ್ ಕೇಬಲ್ ಇದೆ, ಅದನ್ನೇ ಹಾಕಿ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅದರೊಳಗೆ ಅಡ್ವಾನ್ಸ್ಡ್ ಡಿಸ್‌ಪ್ಲೇ ಅಂತ ಹೋದ್ರೆ ಎಷ್ಟು ಹರ್ಟ್ಝ್‌ನಲ್ಲಿ ಓಡ್ತಿದೆ ಅಂತ ಬರೆದಿರತ್ತೆ, ಅಲ್ಲಿ 30 ಕಂಡ್ರೆ ಮಾನಿಟರ್‌ನ ಬೈಯೋಕೆ ಮುಂಚೆ ಕೇಬಲ್ ಬದಲಾಯಿಸಿ ನೋಡಿ. ಎಚ್‌ಡಿಎಂಐನಲ್ಲೇ ಹಾಕಿ ಕಪ್ಪು ಬಣ್ಣ ಬೂದು ತರ ಕಾಣ್ತಿದ್ರೆ ಗ್ರಾಫಿಕ್ಸ್ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕಲರ್ ರೇಂಜ್ ಲಿಮಿಟೆಡ್ ಅಂತ ಇರತ್ತೆ, ಫುಲ್ ಮಾಡಿ.

ಲ್ಯಾಪ್‌ಟಾಪ್ ಇರೋರಿಗೆ ಈ ಮಾನಿಟರ್‌ನ ನಿಜವಾದ ಸುಖ ಯುಎಸ್‌ಬಿ-ಸಿ ಕೇಬಲ್. ಒಂದೇ ಕೇಬಲ್ಲಲ್ಲಿ ಚಿತ್ರ ಹೋಗತ್ತೆ, ಲ್ಯಾಪ್‌ಟಾಪ್‌ಗೆ 90 ವ್ಯಾಟ್ ತನಕ ಚಾರ್ಜ್ ಆಗತ್ತೆ, ಕೀಬೋರ್ಡ್ ಮೌಸ್ ಪೆನ್‌ಡ್ರೈವ್ ಎಲ್ಲಾ ಮಾನಿಟರ್ ಹಿಂದಿನ ಪೋರ್ಟಲ್ಲೇ ಇರತ್ತೆ, ನೆಟ್ ಕೇಬಲ್ಲೂ ಮಾನಿಟರ್‌ಗೇ ಹಾಕಬಹುದು. ಪ್ರೆಸ್ಸಿಗೆ ಹೋಗ್ಬೇಕು ಅಂದ್ರೆ ಆ ಒಂದು ಕೇಬಲ್ ಕಿತ್ತು ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕ್ಕೊಂಡು ಹೊರಡೋದು. ಆದ್ರೆ ನಿಮ್ಮ ಲ್ಯಾಪ್‌ಟಾಪಿನ ಯುಎಸ್‌ಬಿ-ಸಿ ಪೋರ್ಟಲ್ಲಿ ಚಿತ್ರ ಹೊರಗೆ ಬರತ್ತಾ ಅಂತ ಮೊದಲೇ ನೋಡ್ಕೊಳ್ಳಿ, ಕಡಿಮೆ ಬೆಲೆಯ ಎಷ್ಟೋ ಲ್ಯಾಪ್‌ಟಾಪಲ್ಲಿ ಆ ಪೋರ್ಟ್ ಬರೀ ಫೈಲ್ ಕಾಪಿ ಮಾಡೋಕೆ ಮಾತ್ರ ಇರತ್ತೆ. ಪೋರ್ಟ್ ಪಕ್ಕ ಡಿಸ್‌ಪ್ಲೇಪೋರ್ಟ್ ಗುರುತೋ ಥಂಡರ್‌ಬೋಲ್ಟಿನ ಮಿಂಚಿನ ಗುರುತೋ ಇದ್ರೆ ನಿಶ್ಚಿಂತೆ. ಮೊಬೈಲ್ ಚಾರ್ಜರಿನ ಸಿ ಕೇಬಲ್ ಹಾಕಿದ್ರೆ ಚಿತ್ರ ಬರಲ್ಲ, ಬಾಕ್ಸಲ್ಲಿ ಬಂದಿರೋದನ್ನೇ ಬಳಸಿ. ಇನ್ನೊಂದು, ಮೆನುನಲ್ಲಿ ಯುಎಸ್‌ಬಿ-ಸಿ ಪ್ರಿಯಾರಿಟೈಸೇಶನ್ ಅಂತ ಇದೆ, ಹೈ ರೆಸಲ್ಯೂಶನ್ ಅಥವಾ ಹೈ ಡೇಟಾ ಸ್ಪೀಡ್. ಸ್ವಲ್ಪ ಹಳೇ ಲ್ಯಾಪ್‌ಟಾಪ್ ಆಗಿದ್ದು ಯುಎಸ್‌ಬಿ-ಸಿ ಹಾಕಿದಾಗ 30 ಹರ್ಟ್ಝ್‌ಗೆ ಬಿದ್ರೆ ಅದನ್ನ ಹೈ ರೆಸಲ್ಯೂಶನ್‌ಗೆ ಇಡಿ.

ಡೆಸ್ಕ್‌ಟಾಪೂ ಲ್ಯಾಪ್‌ಟಾಪೂ ಎರಡೂ ಇದ್ರೆ ಕೆವಿಎಂ ಇದೆ, ಎರಡು ಕಂಪ್ಯೂಟರಿಗೆ ಒಂದೇ ಕೀಬೋರ್ಡ್ ಮೌಸ್ ಹಂಚೋ ಸ್ವಿಚ್ ಅದು. ಡೆಸ್ಕ್‌ಟಾಪಿಗೆ ಡಿಸ್‌ಪ್ಲೇಪೋರ್ಟ್ ಜೊತೆ ಬಾಕ್ಸಲ್ಲಿ ಬರೋ ಯುಎಸ್‌ಬಿ ಎ-ಯಿಂದ-ಸಿ ಕೇಬಲ್ಲೂ ಹಾಕಿದ್ರೆ ಒಂದೇ ಕೀಬೋರ್ಡ್ ಮೌಸಲ್ಲಿ ಎರಡನ್ನೂ ಓಡಿಸಬಹುದು. ನಮ್ಮಲ್ಲಿ ಹಳೇ ಡೆಸ್ಕ್‌ಟಾಪಲ್ಲಿ ಪೇಜ್‌ಮೇಕರ್, ಲ್ಯಾಪ್‌ಟಾಪಲ್ಲಿ ಇನ್‌ಡಿಸೈನ್, ಎರಡೂ ಪುಟ ಕಟ್ಟೋ ಸಾಫ್ಟ್‌ವೇರ್, ಹಾಗಾಗಿ ಇದು ದಿನಾ ಉಪಯೋಗಕ್ಕೆ ಬರತ್ತೆ.

ಪೇಜ್‌ಮೇಕರ್ ಅಂದೆ, ಅದರ ಬಗ್ಗೆ ಹೇಳಲೇಬೇಕು. ನಮ್ಮ ಪ್ರೆಸ್ಸುಗಳಲ್ಲಿ ಇವತ್ತಿಗೂ ಪೇಜ್‌ಮೇಕರ್ 7, ನುಡಿ, ಶ್ರೀಲಿಪಿ, ಬರಹದ ಹಳೇ ಫಾಂಟ್ ಇಟ್ಕೊಂಡು ಕೆಲಸ ಮಾಡೋರು ಬೇಕಾದಷ್ಟು ಜನ, ಹತ್ತು ಹದಿನೈದು ವರ್ಷದ ಫೈಲ್ ಎಲ್ಲಾ ಅದ್ರಲ್ಲೇ ಇದೆ. ಆ ಸಾಫ್ಟ್‌ವೇರ್ 2001ರದ್ದು, 4ಕೆ ಅನ್ನೋದೇ ಗೊತ್ತಿಲ್ಲದ ಕಾಲದ್ದು. ಈ ಮಾನಿಟರ್‌ಗೆ ವಿಂಡೋಸ್ 150% ಸ್ಕೇಲಿಂಗ್ ಇಡತ್ತೆ, ಅಂದ್ರೆ ಅಕ್ಷರ ಐಕಾನ್ ಎಲ್ಲಾ ಒಂದೂವರೆ ಪಟ್ಟು ದೊಡ್ಡದು ಮಾಡಿ ತೋರಿಸತ್ತೆ, ಅದೇ ಸರಿ, 100ಕ್ಕೆ ಇಳಿಸಿದ್ರೆ ಮೆನು ಅಕ್ಷರ ಓದೋಕೇ ಆಗಲ್ಲ. 150ರಲ್ಲಿ ಹೊಸ ಸಾಫ್ಟ್‌ವೇರ್ ಎಲ್ಲಾ ಸ್ಫಟಿಕದಷ್ಟು ಸ್ವಚ್ಛ, ಹಳೇವು ಮಾತ್ರ ಮಬ್ಬು ಮಬ್ಬು, ಯಾಕಂದ್ರೆ ವಿಂಡೋಸ್ ಅದರ ಚಿತ್ರಾನ ಹಿಗ್ಗಿಸಿ ತೋರಿಸ್ತಿರತ್ತೆ. ಆ ಪ್ರೋಗ್ರಾಮಿನ ಐಕಾನ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಅಲ್ಲಿ ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್, ಕೆಳಗಿನ ಓವರ್‌ರೈಡ್‌ಗೆ ಟಿಕ್ ಹಾಕಿ ಮೂರರಲ್ಲಿ ಒಂದನ್ನ ಆರಿಸ್ಬೇಕು. ಅಪ್ಲಿಕೇಶನ್ ಅಂತ ಆರಿಸಿದ್ರೆ ಅಕ್ಷರ ಚೂಪಾಗತ್ತೆ, ಆದ್ರೆ ಟೂಲ್‌ಬಾರ್ ಎಲ್ಲಾ ಸಣ್ಣದಾಗತ್ತೆ. ಸಿಸ್ಟಮ್ ಅಂದ್ರೆ ಅಳತೆ ಸರಿ, ಅಕ್ಷರ ಮಬ್ಬು. ಸಿಸ್ಟಮ್ ಎನ್‌ಹ್ಯಾನ್ಸ್ಡ್ ಅನ್ನೋದು ಕೆಲವು ಪ್ರೋಗ್ರಾಮಿಗೆ ಒಗ್ಗತ್ತೆ, ಕೆಲವಕ್ಕೆ ಇಲ್ಲ, ಹಾಕಿ ನೋಡೋದೇ ದಾರಿ. ನನ್ನ ಅಭಿಪ್ರಾಯ ಕೇಳಿದ್ರೆ ಟೂಲ್‌ಬಾರ್ ಸಣ್ಣದಾದ್ರೂ ಪರವಾಗಿಲ್ಲ, ಅಪ್ಲಿಕೇಶನ್ ಅಂತಲೇ ಇಡಿ, ಟೂಲ್ ಎಲ್ಲಿದೆ ಅಂತ ಕೈಗೆ ಗೊತ್ತಿರತ್ತೆ, ಓದ್ಬೇಕಾಗಿರೋದು ಪುಟ. ಪೂರ್ತಿ ದಿನ ಪೇಜ್‌ಮೇಕರಲ್ಲೇ ಕೂರೋರು, ಬೇರೆ ಏನೂ ಬಳಸಲ್ಲ ಅನ್ನೋರು ಈ ಮಾನಿಟರ್‌ಗೆ ದುಡ್ಡು ಹಾಕೋಕೆ ಮುಂಚೆ ಯಾರದ್ದಾದ್ರೂ 4ಕೆ ಮಾನಿಟರಲ್ಲಿ ಒಂದ್ಸಲ ಅದನ್ನ ಓಡಿಸಿ ನೋಡ್ಲೇಬೇಕು.

ಸ್ಕೇಲಿಂಗ್ ಆದ್ಮೇಲೆ ಸ್ಟಾರ್ಟ್ ಮೆನುನಲ್ಲಿ ಕ್ಲಿಯರ್‌ಟೈಪ್ ಅಂತ ಟೈಪ್ ಮಾಡಿ ಬರೋ, ಅಕ್ಷರದ ಅಂಚು ನುಣುಪು ಮಾಡೋ ಆ ಟ್ಯೂನರ್‌ನ ಒಂದ್ಸಲ ಓಡಿಸಿ, ಹಳೇ ಮಾನಿಟರಿಂದ ಹೊಸದಕ್ಕೆ ಬದಲಾಯಿಸಿದಾಗ ಮಾಡ್ಲೇಬೇಕು. ಅದು ತೋರಿಸೋ ಸ್ಯಾಂಪಲ್ ಎಲ್ಲಾ ಇಂಗ್ಲಿಷ್, ಆದ್ರೆ ಅದರ ಪರಿಣಾಮ ತುಂಗಾ, ನಿರ್ಮಲ ಯುಐ ಅನ್ನೋ ವಿಂಡೋಸಿನ ಕನ್ನಡ ಫಾಂಟ್‌ಗಳ ಮೇಲೂ ಬರತ್ತೆ.

ಬೆಳಕು ಮತ್ತೆ ಬಣ್ಣ. ಬಾಕ್ಸಿಂದ ತೆಗೆದಾಗ ಬ್ರೈಟ್‌ನೆಸ್ 75ರಲ್ಲಿ ಇರತ್ತೆ, ಮನೆಗೆ ಆಫೀಸಿಗೆ ಅದು ಜಾಸ್ತಿ ಆಯ್ತು. ಇದಕ್ಕೆ ಮೀಟರ್ ಏನೂ ಬೇಡ, ಒಂದು ಖಾಲಿ ಎ4 ಹಾಳೆನ ಸ್ಕ್ರೀನ್ ಪಕ್ಕ ಹಿಡಿದು, ಸ್ಕ್ರೀನಲ್ಲಿ ಖಾಲಿ ಬಿಳಿ ಪುಟ ತೆಗೆದು, ಎರಡರ ಬಿಳುಪೂ ಹೆಚ್ಚುಕಮ್ಮಿ ಒಂದೇ ಅನ್ನಿಸೋ ತನಕ ಇಳಿಸ್ತಾ ಬನ್ನಿ. ನಂದು ಹಗಲಲ್ಲಿ 35ರ ಆಸುಪಾಸು, ರಾತ್ರಿ 20. ಪದೇ ಪದೇ ಹಿಂದೆ ಕೈ ಹಾಕಿ ಜಾಯ್‌ಸ್ಟಿಕ್ ಹುಡುಕೋದು ಬೇಡ ಅಂದ್ರೆ ಡೆಲ್ ಡಿಸ್‌ಪ್ಲೇ ಮ್ಯಾನೇಜರ್ ಹಾಕ್ಕೊಳ್ಳಿ, ಬೇರೆ ಕಂಪನಿ ಮಾನಿಟರ್ ಇರೋರಿಗೆ ಟ್ವಿಂಕಲ್ ಟ್ರೇ ಅಂತ ಒಂದು ಫ್ರೀ ಆ್ಯಪ್ ಇದೆ, ಮೌಸಲ್ಲೇ ಬೆಳಕು ಏರಿಳಿಸಬಹುದು.

ಬಣ್ಣದ್ದು ಲಗ್ನಪತ್ರಿಕೆ ಮಾಡೋರಿಗೆ ತುಂಬಾ ಮುಖ್ಯ. ಈ ಪ್ಯಾನೆಲ್ ಡಿಸಿಐ-ಪಿ3 ಅನ್ನೋ ಸಿನಿಮಾದೋರ ಬಣ್ಣದ ಅಳತೆಯಲ್ಲಿ 98% ತೋರಿಸತ್ತೆ, ಅಂದ್ರೆ ಸಾಮಾನ್ಯ ಮಾನಿಟರ್‌ಗಿಂತ ಗಾಢ ಕೆಂಪು, ಗಾಢ ಹಸಿರು. ನೋಡೋಕೆ ಚಂದ, ಕೆಲಸಕ್ಕೆ ತೊಂದ್ರೆ. ಸ್ಟ್ಯಾಂಡರ್ಡ್ ಮೋಡಲ್ಲಿ ಕುಂಕುಮದ ಕೆಂಪು ಧಗಧಗ ಉರಿಯೋ ತರ ಕಾಣತ್ತೆ, ಹುಡುಗಿ ಮನೆಯೋರು ಪಕ್ಕ ಕೂತು ನೋಡಿ ಇದೇ ಬಣ್ಣ ಬೇಕು ಅಂತ ಒಪ್ಕೊಂಡು ಹೋಗ್ತಾರೆ, ಆಫ್‌ಸೆಟ್‌ನಲ್ಲಿ ನಾಲ್ಕು ಇಂಕಲ್ಲಿ ಆ ಕೆಂಪು ಬರೋದೇ ಇಲ್ಲ, ಆಮೇಲೆ ಕಾರ್ಡ್ ಹಿಡ್ಕೊಂಡು ವಾಪಸ್ ಬರ್ತಾರೆ. ಮೆನುನಲ್ಲಿ ಕಲರ್, ಪ್ರಿಸೆಟ್ ಮೋಡ್ಸ್, ಕಲರ್ ಸ್ಪೇಸ್, ಅದ್ರಲ್ಲಿ ಎಸ್‌ಆರ್‌ಜಿಬಿ ಆರಿಸಿ, ಸಾಮಾನ್ಯ ಮಾನಿಟರ್‌ಗಳ ಬಣ್ಣದ ಅಳತೆ ಅದು. ಫ್ಯಾಕ್ಟರಿಯಲ್ಲೇ ಕ್ಯಾಲಿಬ್ರೇಟ್ ಮಾಡಿ ರಿಪೋರ್ಟ್ ಹಾಳೆ ಬಾಕ್ಸಲ್ಲಿ ಇಟ್ಟಿರ್ತಾರೆ, ಆ ಮೋಡಲ್ಲಿ ಬಣ್ಣ ನಂಬಬಹುದು. ಆಗ್ಲೂ ಕಾಗದದ ಮೇಲೆ ಬರೋದು ಸ್ಕ್ರೀನ್‌ಗಿಂತ ಒಂದು ಕಳೆ ಕಮ್ಮಿನೇ, ಆದ್ರೆ ಗಿರಾಕಿ ಬೇಜಾರಾಗೋ ಅಷ್ಟು ಅಂತರ ಇರಲ್ಲ. ಚಿನ್ನದ ಬಣ್ಣ ಮಾತ್ರ ಯಾವ ಮಾನಿಟರ್‌ನಲ್ಲೂ ತೋರ್ಸೋಕಾಗಲ್ಲ, ಅದಕ್ಕೆ ಹಳೇ ಕಾರ್ಡ್ ಸ್ಯಾಂಪಲ್ಲೇ ಕೈಗೆ ಕೊಡ್ಬೇಕು.

ಇನ್ನು ನೋಡಿಕೊಳ್ಳೋದು. ಧೂಳು ಒರೆಸೋಕೆ ಕನ್ನಡಕದ ಜೊತೆ ಕೊಡೋ ಮೈಕ್ರೋಫೈಬರ್ ಬಟ್ಟೆ, ಸ್ವಲ್ಪ ದೊಡ್ಡದಾದ್ರೆ ಒಳ್ಳೇದು. ಆಫ್ ಮಾಡಿ, ಪ್ಲಗ್ ತೆಗೆದು, ಕಪ್ಪು ಸ್ಕ್ರೀನಲ್ಲಿ ಕಲೆ ಚೆನ್ನಾಗಿ ಕಾಣತ್ತೆ, ಮೊದಲು ಒಣ ಬಟ್ಟೆಲಿ ಒತ್ತದೇ ಮೇಲಿಂದ ಕೆಳಗೆ ಒರೆಸಿ. ಧೂಳಿರೋವಾಗ ಒದ್ದೆ ಬಟ್ಟೆ ಇಟ್ಟು ಗುಂಡಗೆ ಉಜ್ಜಿದ್ರೆ ಆ ಧೂಳಿನ ಕಣಗಳೇ ಮ್ಯಾಟ್ ಮೇಲ್ಮೈನ ಗೀಚತ್ತೆ. ಬೆರಳಚ್ಚು, ಸೀನಿದ ಕಲೆ ಹೋಗ್ಲಿಲ್ಲ ಅಂದ್ರೆ ಬಟ್ಟೆ ತುದಿಗೆ ಡಿಸ್ಟಿಲ್ಡ್ ವಾಟರ್ ಸ್ವಲ್ಪ ತಾಗಿಸಿ, ಇನ್ವರ್ಟರ್ ಬ್ಯಾಟರಿಗೆ ಹಾಕೋ ನೀರೇ ಅದು, ಪೆಟ್ರೋಲ್ ಬಂಕಲ್ಲಿ ಸಿಗತ್ತೆ. ನಲ್ಲಿ ನೀರು, ಅದ್ರಲ್ಲೂ ಬೋರ್‌ವೆಲ್ ನೀರಾದ್ರೆ ಒಣಗಿದ ಮೇಲೆ ಬಿಳಿ ಉಪ್ಪಿನ ಕಲೆ ಉಳಿಯತ್ತೆ. ಕನ್ನಡಿ ಒರೆಸೋ ನೀಲಿ ಸ್ಪ್ರೇ, ಸ್ಪಿರಿಟ್, ಥಿನ್ನರ್, ಸ್ಯಾನಿಟೈಸರ್ ಇದ್ಯಾವುದೂ ಬೇಡ, ಅಮೋನಿಯ ತರದ್ದು ಮೇಲಿನ ಲೇಪನ ತಿನ್ನತ್ತೆ. ಸ್ಕ್ರೀನಿಗೆ ನೇರವಾಗಿ ಏನನ್ನೂ ಸಿಂಪಡಿಸಬೇಡಿ, ನೀರು ಇಳಿದು ಕೆಳಗಿನ ಅಂಚಿಗೆ ಹೋಗತ್ತೆ, ಅಲ್ಲೇ ಪ್ಯಾನೆಲಿನ ಸರ್ಕ್ಯೂಟ್ ಇರೋದು. ನ್ಯೂಸ್‌ಪೇಪರ್, ಹಳೇ ಬನಿಯನ್ ಇವೂ ಬೇಡ.

ಆಯುಧಪೂಜೆ ದಿನ ನಮ್ಮಲ್ಲಿ ಕಂಪ್ಯೂಟರ್‌ಗೂ ಪೂಜೆ ಆಗತ್ತೆ, ಆಗ್ಲೇಬೇಕು, ಅನ್ನ ಕೊಡೋದು ಅದೇ. ಆದ್ರೆ ಅರಿಶಿನ ಕುಂಕುಮ ನೆನೆಸಿ ಸ್ಕ್ರೀನ್ ಮೇಲೋ ತೆಳು ಅಂಚಿನ ಮೇಲೋ ಇಡಬೇಡಿ, ಕುಂಕುಮದ ಪುಡಿ ಪ್ಯಾನೆಲ್ಲಿಗೂ ಚೌಕಟ್ಟಿಗೂ ಇರೋ ಸಂದಿಗೆ ಇಳಿದ್ರೆ ಮತ್ತೆ ತೆಗೆಯೋಕಾಗಲ್ಲ, ಅರಿಶಿನ ಬೆಳ್ಳಿ ಬಣ್ಣದ ಸ್ಟ್ಯಾಂಡ್ ಮೇಲೂ ಹಳದಿ ಕಲೆ ಬಿಡತ್ತೆ. ಸ್ಟ್ಯಾಂಡಿನ ಪಾದದ ಮುಂದೆ ವೀಳ್ಯದೆಲೆ ಇಟ್ಟು ಅದರ ಮೇಲೆ ಅರಿಶಿನ ಕುಂಕುಮ ಹೂವು ಇಟ್ರೆ ಪೂಜೆನೂ ಆಯ್ತು. ಕುಂಬಳಕಾಯಿ ಒಡೆಯೋದು ಹೇಗೂ ಹೊರಗೆ. ಊದುಬತ್ತಿ, ಕರ್ಪೂರದ ಆರತಿ ಒಂದು ಮಾರು ದೂರದಿಂದ ತೋರಿಸಿ.

ಮಲೆನಾಡಿನ ಕಡೆಯೋರಿಗೆ ಹುಳದ ಕಾಟ. ಮೊದಲ ಮಳೆ ಬಿದ್ದ ಸಂಜೆ ಕಿಟಕಿ ತೆಗೆದಿದ್ರೆ ರೆಕ್ಕೆಹುಳ ಎಲ್ಲಾ ಬಂದು ಸ್ಕ್ರೀನಿಗೆ ಮುತ್ತತ್ತೆ. ಅವುಗಳಿಂದ ದೊಡ್ಡ ತೊಂದ್ರೆ ಇಲ್ಲ, ಮಾನಿಟರ್ ಆಫ್ ಮಾಡಿ ಬೇರೆ ಕಡೆ ದೀಪ ಹಾಕಿದ್ರೆ ಹೋಗ್ತವೆ. ತೊಂದ್ರೆ ಕೊಡೋದು ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಹುಳ, ಅದು ಚೌಕಟ್ಟಿನ ಸಂದಿಲಿ ನುಗ್ಗಿ ಪ್ಯಾನೆಲಿನ ಪದರದ ಒಳಗೇ ಹೋಗ್ಬಿಡತ್ತೆ, ಅಕ್ಷರದ ಮಧ್ಯೆ ಒಂದು ಚುಕ್ಕೆ ನಡ್ಕೊಂಡು ಹೋಗ್ತಿರೋದು ಕಾಣತ್ತೆ. ಆಗ ಬೆರಳಲ್ಲಿ ಒತ್ತಿ ಸಾಯಿಸೋಕೆ ಹೋದ್ರೆ ಮುಗೀತು, ಆ ಹುಳ ಅಲ್ಲೇ ಅಂಟ್ಕೊಂಡು ಆ ಜಾಗದಲ್ಲಿ ಶಾಶ್ವತವಾಗಿ ಒಂದು ಅನುಸ್ವಾರ ಉಳಿಯತ್ತೆ. ಮುಟ್ಟದೇ ಮಾನಿಟರ್ ಆಫ್ ಮಾಡಿ, ರೂಮಿನ ಲೈಟೂ ಆರಿಸಿ, ಸ್ಕ್ರೀನಿನ ಅಂಚಿನ ಹತ್ತಿರ ಒಂದು ಟೇಬಲ್ ಲ್ಯಾಂಪ್ ಇಟ್ಟು ಬಿಟ್ರೆ ಸಾಮಾನ್ಯವಾಗಿ ಬೆಳಕಿನ ಕಡೆ ಅದೇ ಹೊರಗೆ ಬರತ್ತೆ.

ಮಳೆಗಾಲದಲ್ಲಿ ರಜೆ ಅಂತ ವಾರಗಟ್ಟಲೆ ಮುಚ್ಚಿಡೋದಕ್ಕಿಂತ ದಿನಾ ಸ್ವಲ್ಪ ಹೊತ್ತು ಆನ್ ಮಾಡಿಡೋದು ಒಳ್ಳೇದು, ಒಳಗಿನ ಬಿಸಿಗೆ ತೇವ ನಿಲ್ಲಲ್ಲ. ಮುಚ್ಚೋದಾದ್ರೆ ಹತ್ತಿ ಬಟ್ಟೆ, ಪ್ಲಾಸ್ಟಿಕ್ ಕವರ್ ಬೇಡ. ಏಪ್ರಿಲ್ ಮೇ ತಿಂಗಳ ಗುಡುಗಿಗೆ ಮಾತ್ರ ಯಾವ ಸ್ಪೈಕ್ ಬಸ್ಟರನ್ನೂ ನಂಬಬೇಡಿ, ಸ್ವಿಚ್ ಆಫ್ ಮಾಡೋದು ಸಾಲಲ್ಲ, ಪ್ಲಗ್ಗನ್ನೇ ಕಿತ್ತಿಡಿ, ಮಾನಿಟರ್‌ಗೆ ನೆಟ್ ಕೇಬಲ್ ಹಾಕಿದ್ರೆ ಅದನ್ನೂ ಕೀಳಿ, ಸಿಡಿಲಿನ ಕರೆಂಟ್ ಆ ತಂತಿಲೂ ಬರತ್ತೆ. ಪ್ಲಗ್ ಮೂರು ಪಿನ್‌ದು, ಅರ್ಥಿಂಗ್ ಇರೋ ಸಾಕೆಟ್ಟಿಗೇ ಹಾಕಿ, ಅರ್ಥ್ ಸರಿ ಇಲ್ಲದ ಕಡೆ ಮಾನಿಟರ್‌ನ ಲೋಹದ ಭಾಗ ಮುಟ್ಟಿದ್ರೆ ಜುಂ ಅನ್ನತ್ತೆ. ಕಂಪ್ಯೂಟರ್ ಯುಪಿಎಸ್‌ನಲ್ಲಿದ್ದು ಮಾನಿಟರ್ ಹೊರಗಿದ್ರೆ ಕರೆಂಟ್ ಹೋದಾಗ ಫೈಲ್ ಸೇವ್ ಮಾಡೋಕೆ ಕಾಣೋದೇ ಇಲ್ಲ, ಎರಡನ್ನೂ ಯುಪಿಎಸ್‌ಗೇ ಹಾಕಿ, ಲೇಸರ್ ಪ್ರಿಂಟರ್ ಮಾತ್ರ ಅದಕ್ಕೆ ಹಾಕಬೇಡಿ.

ಸ್ಕ್ರೀನ್‌ಸೇವರ್ ಬೇಕಿಲ್ಲ, ಹತ್ತು ನಿಮಿಷ ಮುಟ್ಟದಿದ್ರೆ ಸ್ಕ್ರೀನ್ ಆಫ್ ಆಗೋ ಹಾಗೆ ಇಟ್ರೆ ಸಾಕು. ಕಣ್ಣಿಗೆ ಇಪ್ಪತ್ತು ನಿಮಿಷಕ್ಕೊಂದ್ಸಲ ಇಪ್ಪತ್ತು ಅಡಿ ದೂರದ್ದನ್ನ ಇಪ್ಪತ್ತು ಸೆಕೆಂಡ್ ನೋಡಿ ಅಂತ ಕಣ್ಣಿನ ಡಾಕ್ಟರು ಹೇಳೋದು ಎಷ್ಟೇ ಒಳ್ಳೇ ಮಾನಿಟರ್ ಇದ್ರೂ ತಪ್ಪಲ್ಲ.

ತಗೋಬೇಕಾ ಅಂದ್ರೆ, ಇದರ ಬೆಲೆ ಸಣ್ಣದಲ್ಲ. ಲ್ಯಾಪ್‌ಟಾಪಿಗೆ ಒಂದೇ ಕೇಬಲ್, ಕೆವಿಎಂ, ನೆಟ್ ಪೋರ್ಟ್, ಬಣ್ಣದ ಕೆಲಸ ಇವು ಬೇಕು ಅನ್ನೋರಿಗೆ ದುಡ್ಡು ಸಾರ್ಥಕ. ಬರೀ ಓದೋಕೆ ಟೈಪ್ ಮಾಡೋಕೆ ಅಂದ್ರೆ ಡೆಲ್‌ದೇ ಎಸ್2721ಕ್ಯೂಎಸ್ ತರದ್ದು ನೋಡಿ, ಅದೂ 27 ಇಂಚಿನ 4ಕೆ, ಅದೇ 163 ಪಿಕ್ಸೆಲ್, ಎತ್ತರ ಬದಲಾಯಿಸೋ ಸ್ಟ್ಯಾಂಡ್ ಇದೆ, ಯುಎಸ್‌ಬಿ-ಸಿ ಇಲ್ಲ, ಬೆಲೆ ತುಂಬಾ ಕಮ್ಮಿ, ಒತ್ತಕ್ಷರ ಅಷ್ಟೇ ಚೆನ್ನಾಗಿ ಕಾಣತ್ತೆ. ಸ್ಕ್ರೋಲ್ ಮಾಡೋವಾಗ ಇನ್ನೂ ನುಣುಪು ಬೇಕು ಅನ್ನೋರಿಗೆ 2025ರಲ್ಲಿ ಇದರ ಮುಂದಿನ ಮಾಡೆಲ್ ಯು2725ಕ್ಯೂಇ ಬಂದಿದೆ, 120 ಹರ್ಟ್ಝ್, ಕಾಂಟ್ರಾಸ್ಟ್ 3000:1. ಅದು ಬಂದ್ಮೇಲೆ ಹಳೇದರ ಬೆಲೆ ಎಲ್ಲಿ ಇಳಿದಿದೆ ಅಂತ ಎರಡು ಮೂರು ಕಡೆ ವಿಚಾರಿಸಿ. 24 ಇಂಚಿನ ಫುಲ್ ಎಚ್‌ಡಿಲಿ ಪ್ರೂಫ್ ನೋಡ್ತಿರೋರು 27 ಇಂಚಿನ ಫುಲ್ ಎಚ್‌ಡಿಗೆ ಹೋಗೋದು ಮಾತ್ರ ಬೇಡ.

ವಾರಂಟಿ ಮೂರು ವರ್ಷ. ಬಿಲ್ಲು ಥರ್ಮಲ್ ಪೇಪರಲ್ಲಿ ಕೊಟ್ಟಿದ್ರೆ ಅವತ್ತೇ ಫೋಟೋ ತೆಗೆದು ನಿಮಗೇ ಮೇಲ್ ಮಾಡ್ಕೊಳ್ಳಿ, ಅಕ್ಷರ ಅಳಿಸಿ ಹೋಗತ್ತೆ, ಹಿಂದೆ ಅಂಟಿಸಿರೋ ಸರ್ವಿಸ್ ಟ್ಯಾಗ್ ಸ್ಟಿಕ್ಕರಿಂದೂ ಒಂದು ಫೋಟೋ ಇರ್ಲಿ. ಬಾಕ್ಸು, ಒಳಗಿನ ಪ್ಯಾಕಿಂಗು ಎರಡನ್ನೂ ಅಟ್ಟಕ್ಕೆ ಹಾಕಿಡಿ, ಮನೆ ಬದಲಾಯಿಸೋವಾಗ ಬೇಕಾಗತ್ತೆ.